ಒಂದಕ್ಕೂ ಮುಂಚಿನ ನಂಬರು

ಕೇಳ್ರಪ್ಪೋ ಕೇಳಿ! ನೂರು ಜನ ರೌಡಿಗಳ್ನ ಒಂದೇ ಕೈಯಲ್ಲಿ ಹೊಡೆದು ಗಾಳೀಲಿ ತೇಲ್ಸೋ ಹೀರೋಗಳ್ನ ನೀವು ನೋಡಿರ್ತೀರ. ಟಿಕೆಟ್ ತಗೊಂಡು, ಶಿಳ್ಳೆ ಹೊಡ್ದು, ಪೇಪರ್ ಚೂರು ತೂರಿ ಬಂದಿರ್ತೀರ. ಆದ್ರೆ ಕೈ ಎತ್ತದೆ, ಬೆವರು ಸುರಿಸ್ದೆ, ಕಂಪ್ಯೂಟರಲ್ಲಿ ಒಂದೇ ಒಂದು ಸೊನ್ನೆ ಒತ್ತಿ, ಕೂತಿದ್ದೋರ್ನೆಲ್ಲ ಕೂತಲ್ಲೇ ಕಲ್ಲು ಮಾಡಿದೋನ್ನ ನೋಡಿದೀರಾ? ನೋಡಿಲ್ಲ ಬಿಡಿ. ಯಾಕಂದ್ರೆ ಅಂಥ ಪೀಸು ಇರೋದು ಇಡೀ ತುಮಕೂರು ಜಿಲ್ಲೇಲಿ ಒಂದೇ. ಹೆಸ್ರು ಚನ್ನೇಶ್. ವಯಸ್ಸು ಇಪ್ಪತ್ನಾಕು. ತೂಕ ಐವತ್ತೆರಡು ಕೇಜಿ, ಅದ್ರಲ್ಲಿ ಎರಡು ಕೇಜಿ ಕೂದ್ಲು. ಅವನು ಎಂಟ್ರಿ ಕೊಟ್ರೆ ಹಿಂದ್ಗಡೆ ಮ್ಯೂಸಿಕ್ ಬರಲ್ಲ, ಕೆಳಗಿನ ಬೇಕರಿಯಿಂದ ಬನ್ ವಾಸ್ನೆ ಬರುತ್ತೆ. ಆದ್ರೂ ಹೀರೋ ಹೀರೋನೇ.

ಆ ಸೊನ್ನೆ ಹೆಂಗೆ ಬಿತ್ತು, ಯಾರ್ನ ಉಳಿಸ್ತು, ಯಾರ್ನ ಕೆಡವ್ತು, ಎಲ್ಲಾ ಹೇಳ್ತೀನಿ. ಇಂಟರ್ವಲ್ ಇಲ್ಲ. ಅಲ್ಲಾಡ್ದೆ ಕೂತ್ಕೊಳಿ.

ಬೇಕರಿ ಇರೋದು ತುಮಕೂರಲ್ಲಿ, ಬಿ.ಎಚ್. ರೋಡಿಂದ ಒಳಕ್ಕೆ ಹೋಗೋ ಒಂದು ಕ್ರಾಸಲ್ಲಿ. ಅದ್ರ ಮೇಲ್ಗಡೆ ಎರಡು ರೂಮು. ಆ ಎರಡು ರೂಮಿಗೆ ಯಜಮಾನ್ತಿ ಮಾಲಿನಿ. ನಲವತ್ತರ ಹತ್ರ ವಯಸ್ಸು, ಮೂಗಿನ ತುದೀಲಿ ಕನ್ನಡಕ, ಕೋಪ ಬಂದಷ್ಟೂ ಮಾತು ಕಮ್ಮಿ ಆಗೋ ಟೈಪು. ಚನ್ನೇಶ್ ಅವ್ರನ್ನ ಅಕ್ಕ ಅಂತಿದ್ದ. ಏಳು ವರ್ಷದಿಂದ ಅವ್ರು ಒಂದೇ ಒಂದು ಕೆಲ್ಸ ಹಿಡಿದು ಕೂತಿದ್ರು: ಕಣ್ಣು ಕಾಣದಿರೋರಿಗೆ ಕನ್ನಡ ಓದಿ ಹೇಳೋ ಸಾಫ್ಟ್‌ವೇರು. ಅದ್ರ ಹೆಸ್ರು ದನಿ. ಫೋನಿಗೋ ಕಂಪ್ಯೂಟರಿಗೋ ಹಾಕ್ಕೊಂಡ್ರೆ ಸಾಕು, ಪೇಪರ್ರು, ಪುಸ್ತಕ, ಕರೆಂಟ್ ಬಿಲ್ಲು, ಏನಿದ್ರೂ ಗಟ್ಟಿಯಾಗಿ ಓದುತ್ತೆ. ಯಾರ್ ಕೇಳಿದ್ರೂ ಮಾಲಿನಿ ಸುಮ್ನೆ ಕೊಡ್ತಿದ್ರು.

ಸಾಫ್ಟ್‌ವೇರ್ ಮಾಡೋರಲ್ಲಿ ಒಂದು ಪದ್ಧತಿ ಐತೆ. ಒಂದು ಚೂರು ತಿದ್ದಿದ್ರೂ ಅದನ್ನ ಒಂದು ಕಂಪ್ಯೂಟರಿಗೆ ಒಪ್ಪಿಸ್ಬೇಕು. ಅದು ಆ ತಿದ್ದುಪಡಿಗೆ ಒಂದು ನಂಬರ್ ಹೊಡೆದು, ಯಾರು ತಿದ್ದಿದ್ದು, ಯಾವತ್ತು, ಎಷ್ಟೊತ್ತಿಗೆ, ಯಾಕೆ, ಎಲ್ಲಾ ಬರ್ದು ಒಳಗಿಟ್ಕೊಳುತ್ತೆ. ಅದಕ್ಕೆ ರಿವಿಷನ್ ನಂಬರ್ ಅಂತಾರೆ. ಒಂದಾದ್ಮೇಲೆ ಎರಡು, ಎರಡಾದ್ಮೇಲೆ ಮೂರು, ನಡುವೆ ಹಾರಂಗಿಲ್ಲ. ಯಾವ ನಂಬರ್ ಹೇಳಿದ್ರೂ ಆ ದಿನ ಸಾಫ್ಟ್‌ವೇರ್ ಹೆಂಗಿತ್ತೋ ಹಂಗೇ ತೆಗ್ದು ಮುಂದಿಡುತ್ತೆ.

ಚನ್ನೇಶ್ ಕೆಲ್ಸಕ್ಕೆ ಸೇರಿದ್ ದಿನ ಮಾಲಿನಿ ಇದನ್ನ ಮಾಡಿ ತೋರಿಸಿದ್ರು. ಒಂದನೇ ನಂಬರಿನ ದನಿ ಬರೀ “ಅ” ಅಂತು, ಅಷ್ಟೇ. ಸಾವಿರದ ದನಿ ಒಂದನೇ ಕ್ಲಾಸಿನ ಮಗು ಥರ ಅಕ್ಷರ ಕೂಡಿಸ್ಕೊಂಡು ಕೂಡಿಸ್ಕೊಂಡು ಓದ್ತು. ಮೂರು ಸಾವಿರಕ್ಕೆ ಬಂದಾಗ ರೇಡಿಯೋ ವಾರ್ತೆ ಓದೋರ ಥರ ನೀರು ಹರ್ದಂಗೆ. ಒಂದು ಗಂಟಲು ಹುಟ್ಟಿ, ತೊದಲಿ, ಬೆಳೆದು ದೊಡ್ಡದಾಗಿದ್ದನ್ನ ಐದೇ ನಿಮಿಷದಲ್ಲಿ ಕೇಳ್ದಂಗಾಯ್ತು. ಮಾತಿಗೊಂದು ಡೈಲಾಗ್ ಹೊಡೆಯೋ ಚನ್ನೇಶನ ಬಾಯಿ ಅವತ್ತು ಬಂದ್ ಆಗಿತ್ತು. ಮೈ ಮೇಲಿನ ಕೂದ್ಲು ಮಾತ್ರ ಎದ್ದು ನಿಂತಿದ್ವು.

ಈ ನಂಬರೆಲ್ಲ ತುಂಬ್ಕೊಂಡಿರೋ ಕಂಪ್ಯೂಟರು ಇದ್ದಿದ್ದು ಮಾಲಿನಿ ಟೇಬಲ್ ಕೆಳಗೆ. ಹಳೇ ಪೆಟ್ಟಿಗೆ. ಆನ್ ಮಾಡಿದ್ರೆ ಮಂಡಿನೋವಿನೋರ ಥರ ನರಳ್ತಿತ್ತು. ಅದಕ್ಕೆ ಅದ್ರ ಹೆಸ್ರು ಅಜ್ಜಿ. ತಮಾಷೆಗಲ್ಲ, ನೆಟ್‌ವರ್ಕಲ್ಲಿ ಅದ್ರ ವಿಳಾಸಾನೇ ಅಜ್ಜಿ.

ಚನ್ನೇಶನ ಕೆಲ್ಸ ಏನಪ್ಪಾ ಅಂದ್ರೆ, ಆ ನಂಬರ್ ಹಾಕಿ ನೋಡೋಕೆ ಒಂದು ಪೇಜು ಮಾಡೋದು. ಹಾಕಿದ್ ನಂಬರ್ ಸರಿಯಾಗೈತಾ ಅಂತ ಚೆಕ್ ಮಾಡೋದು ಅದ್ರಲ್ಲಿ ಮುಖ್ಯ. ಅಕ್ಷರ ಹಾಕಿದ್ರೆ ಬೇಡ ಅನ್ಬೇಕು, ಮೈನಸ್ ಹಾಕಿದ್ರೆ ಬೇಡ ಅನ್ಬೇಕು, ಇನ್ನೂ ಬರದೇ ಇರೋ ನಂಬರ್ ಹಾಕಿದ್ರೆ ಇಲ್ಲ ಅನ್ಬೇಕು. ಬೇರೆಯೋರಾಗಿದ್ರೆ “ತಪ್ಪು ಸಂಖ್ಯೆ” ಅಂತ ಬರ್ದು ಊಟಕ್ಕೋಗಿರೋರು. ಚನ್ನೇಶ್ ಬಿಡ್ತಾನಾ? ದೊಡ್ಡ ನಂಬರ್ ಹಾಕಿದ್ರೆ ದನಿ ಗಂಭೀರವಾಗಿ ಹೇಳ್ತಿತ್ತು: “ಆ ನಂಬರ್ ಇನ್ನೂ ಹುಟ್ಟೇ ಇಲ್ಲ ಗುರೂ. ನಾಮಕರಣದ ದಿನ ಬಾ, ಊಟ ಹಾಕ್ತೀವಿ!” ಮೈನಸ್ ಹಾಕಿದ್ರೆ: “ಈ ಏರಿಯಾದಲ್ಲಿ ರಿವರ್ಸ್ ಗೇರ್ ಹಾಕೋ ಗಂಡು ಇನ್ನೂ ಬಂದಿಲ್ಲ!”

“ಲೋ ಚನ್ನೇಶ, ಇದು ಕಣ್ಣು ಕಾಣದಿರೋರು ಕೇಳೋ ಸಾಫ್ಟ್‌ವೇರ್ ಕಣೋ. ಟಾಕೀಸಲ್ಲ.”

“ಅಕ್ಕ, ಅವ್ರಿಗೂ ಶಿಳ್ಳೆ ಹೊಡೆಯೋ ಹಕ್ಕೈತೆ.”

ಮಾಲಿನಿ ಆ ಕಡೆ ತಿರುಗಿ ನಕ್ಕಿದ್ದು ಕಿಟಕಿ ಗಾಜಲ್ಲಿ ಕಾಣಿಸ್ತು. ಡೈಲಾಗ್ ಉಳ್ಕೊಂಡ್ವು.

ಹಿಂಗಿರ್ಬೇಕಾದ್ರೆ ಒಂದು ಟ್ರಸ್ಟಿನೋರು ಬಂದು, ಜಿಲ್ಲೇಲಿರೋ ನಲವತ್ತು ಲೈಬ್ರರಿಗೆ ದನಿ ಹಾಕಿಸ್ತೀವಿ ಅಂದ್ರು. ಮಾಲಿನಿ ಸೀಟಲ್ಲಿ ಕೂರ್ದೆ ಓಡಾಡಿದ್ದೇ ಓಡಾಡಿದ್ದು. ಒಂದು ವಾರಕ್ಕೆ ಅದೇ ಟ್ರಸ್ಟಿಂದ ಫೋನು. ಕುಣಿಗಲಿಂದ ಸಂತೋಷ್ ಅನ್ನೋರು ಕಾಗದ ಬರ್ದವ್ರೆ, ಆ ಸಾಫ್ಟ್‌ವೇರು ಅವ್ರದ್ದಂತೆ, ನೀವು ಕದ್ದಿದೀರಂತೆ.

ಸಂತೋಷ್ ಯಾರು ಅಂದ್ರೆ, ಇದೇ ಎರಡು ರೂಮಲ್ಲಿ ಮೂರು ವರ್ಷ ಕೆಲ್ಸ ಮಾಡಿ, ಎರಡು ವರ್ಷದ ಹಿಂದೆ ಬಿಟ್ಟು ಹೋಗಿ, ಕುಣಿಗಲಲ್ಲಿ ಸ್ವಂತ ಅಂಗಡಿ ತೆಗ್ದಿದ್ದೋನು. ಚನ್ನೇಶನಿಗೆ ಮೊದಮೊದಲು ಕೆಲ್ಸ ಹೇಳ್ಕೊಟ್ಟಿದ್ದೂ ಅವ್ನೇ.

ಟ್ರಸ್ಟಿನೋರು ಜಗಳ ಬೇಡ ಅಂತ ಒಂದು ದಾರಿ ಹುಡುಕಿದ್ರು. ಕುಣಿಗಲಲ್ಲಿ ಸುಬ್ಬಕೃಷ್ಣ ಅಂತ ರಿಟೈರ್ಡ್ ಪ್ರೊಫೆಸರ್ ಇದ್ರು, ಕಂಪ್ಯೂಟರ್ ಪಾಠ ಮಾಡಿ ಕೂದ್ಲು ಬೆಳ್ಳಗೆ ಮಾಡ್ಕೊಂಡೋರು. ಇಬ್ರೂ ಅವ್ರ ಮುಂದೆ ನಂಬರೆಲ್ಲ ತೋರಿಸ್ಬೇಕು, ಅವ್ರು ಏನ್ ಹೇಳ್ತಾರೋ ಅದೇ ಆಖೈರು. ದನಿ ಸಂತೋಷಂದು ಅಂತಾದ್ರೆ, ಮಾಲಿನಿ ಕೊಟ್ಟಿರೋ ಕಡೆಯಿಂದೆಲ್ಲ ಅದನ್ನ ತೆಗೀಬೇಕು. ಅವನು ಬೀಗ ಹಾಕಿ ಮಾರ್ಕೋತಾನೆ.

ಸುದ್ದಿ ಕೇಳಿ ಗುಬ್ಬಿಯಿಂದ ಸರ್ವಮಂಗಳಮ್ಮ ಫೋನ್ ಮಾಡಿದ್ರು. “ನನ್ನೂ ಕರ್ಕೊಂಡ್ ಹೋಗು ಮಾಲಿನಿ. ನಾನು ಆ ದನೀನ ಒಂದನೇ ದಿನದಿಂದ ಕೇಳಿರೋಳು.”

ಸರ್ವಮಂಗಳಮ್ಮ ಗುಬ್ಬೀಲಿ ಸ್ಕೂಲಲ್ಲಿ ಸಂಗೀತದ ಟೀಚರ್ ಆಗಿದ್ದೋರು. ಸಕ್ಕರೆ ಕಾಯಿಲೆ ಹತ್ತು ವರ್ಷದಲ್ಲಿ ಎರಡೂ ಕಣ್ಣು ತಿಂದಿತ್ತು. ಪ್ರೊಫೆಸರ್ ಹತ್ರ ಹೋಗೋ ದಿನ ಬೆಳಿಗ್ಗೆ ಮಾಲಿನಿ ಹಳೇ ಕಾರಲ್ಲಿ ಹಿಂದಿನ ಸೀಟಿಗೆ ಅಜ್ಜೀನ ಕೂರ್ಸಿ, ಟವೆಲ್ ಸುತ್ತಿ, ಸೀಟ್ ಬೆಲ್ಟ್ ಹಾಕಿ, ಮೊದ್ಲು ಗುಬ್ಬಿಗೆ ಹೋದ್ರು. ಕೊಬ್ಬರಿ ತುಂಬಿದ್ ಗಾಡಿಗಳು ರೋಡಿಗೆ ಅಡ್ಡ ನಿಂತಿದ್ವು ಅಂತ ಮಾಲಿನಿ ಕಾರಲ್ಲೇ ಉಳಿದು ಚನ್ನೇಶನ್ನ ಒಳಕ್ಕೆ ಕಳಿಸಿದ್ರು.

ಬಾಗಿಲಲ್ಲಿ ನಿಂತೋನು ಹಂಗೇ ನಿಂತ. ಒಳಗಿಂದ ಕಾದ ಎಣ್ಣೆಗೆ ಸಾಸ್ವೆ ಹಾಕ್ದಂಗೆ ಚಟಪಟ ಚಟಪಟ ಅಂತ ಒಂದು ಸದ್ದು. ಸರ್ವಮಂಗಳಮ್ಮ ಚಾಪೆ ಮೇಲೆ ಕೂತು ಕಿವಿ ಹತ್ರ ಫೋನ್ ಹಿಡ್ಕೊಂಡು ತಲೆದೂಗ್ತಾವ್ರೆ.

“ಅಮ್ಮಾ, ಫೋನ್ ಕೆಟ್ಟೋಗೈತಾ?”

“ಯಾರು, ಚನ್ನೇಶನಾ? ಕೆಟ್ಟಿಲ್ಲ ಕಣಪ್ಪ. ಕಾದಂಬರಿ ಕೇಳ್ತಿದೀನಿ. ಸ್ಪೀಡ್ ಜಾಸ್ತಿ ಇಟ್ಟಿದೀನಿ.”

“ಇದು ಕನ್ನಡಾನಾ!”

“ನಿನ್ ಕಿವಿಗೆ ಅಭ್ಯಾಸ ಇಲ್ಲ. ನಾಯಕಿ ಈಗ ಬಾವಿಕಟ್ಟೆ ಹತ್ರ ಅಳ್ತಾ ನಿಂತವ್ಳೆ, ಅವಳ ಭಾವಮೈದ ಛತ್ರಿ ಮರೆತು ಬಂದವ್ನೆ. ಮಧ್ಯಾಹ್ನದೊಳಗೆ ಮುಗಿಸ್ತೀನಿ, ಮುನ್ನೂರ್ ಪುಟ.”

ಚನ್ನೇಶ್ ಕಿವಿ ಚೂಪು ಮಾಡಿ ನೋಡ್ದ. ಒಂದು ಪದಾನೂ ಸಿಗ್ಲಿಲ್ಲ. ನೋಡೋ ಕಣ್ಣಿರೋನು ತಿಂಗ್ಳುಗಟ್ಟಲೆ ಎಳೆಯೋ ಪುಸ್ತಕಾನ ಈಯಮ್ಮ ಊಟದೊಳಗೆ ಕುಡಿದು ಮುಗಿಸ್ತಾರೆ. ‘ನಾವು ಕಿವಿ ಅಂತ ಇಟ್ಕೊಂಡಿರೋದು ಇಯರ್‌ಫೋನ್ ನೇತಾಕೋ ಗೂಟ ಮಾತ್ರ’ ಅನ್ನಿಸ್ತು ಅವ್ನಿಗೆ.

“ಅವ್ರು ಇದನ್ನ ಕಿತ್ಕೊಂಡ್ರೆ ಏನ್ ಮಾಡ್ತೀರಮ್ಮ?”

ಅವ್ರು ಫೋನ್ ಆಫ್ ಮಾಡಿದ್ರು. ಚಪ್ಪಲಿಗೆ ಕಾಲಲ್ಲಿ ತಡಕಾಡ್ತಾ “ನಡಿ ನಡಿ” ಅಂದ್ರು.

ತುಮಕೂರು ಹಾಯ್ದು, ಗೂಳೂರು ದಾಟಿ, ಕುಣಿಗಲಿಗೆ ಬರೋವಷ್ಟ್ರಲ್ಲಿ ಹನ್ನೊಂದು ಗಂಟೆ. ಪ್ರೊಫೆಸರ್ ಮನೆ ಕೆರೆ ಕಡೆ ಮುಖ ಮಾಡ್ಕೊಂಡಿತ್ತು. ಹಾಲಿನ ಮಧ್ಯ ಉದ್ದದ ಟೇಬಲ್ಲು. ಸಂತೋಷ್ ಆಗಲೇ ಬಂದು ಹೊಸ ಲ್ಯಾಪ್‌ಟಾಪ್ ತೆಗ್ದು ಕೂತಿದ್ದ. ಇಸ್ತ್ರಿ ಶರ್ಟು, ಗಂಧದ ಬೊಟ್ಟು.

“ಚೆನ್ನಾಗಿದೀರಾ ಮೇಡಂ?” ಅಂದ.

“ಹ್ಞೂಂ,” ಅಂದ್ರು ಮಾಲಿನಿ. ಒಂದೇ ಅಕ್ಷರ. ಕೋಪ ಎಷ್ಟೈತೆ ಅಂತ ಚನ್ನೇಶನಿಗೆ ಗೊತ್ತಾಯ್ತು.

ಅಜ್ಜೀನ ನೆಲದ ಮೇಲಿಟ್ಟು, ಮಾಲಿನಿ ಲ್ಯಾಪ್‌ಟಾಪಿಗೆ ವೈರ್ ಚುಚ್ಚಿದ್ರು. ಅಜ್ಜಿ ನರಳ್ತಾ ಎದ್ದಳು.

“ನಾನು ಮುಖ ನೋಡಲ್ಲ, ಸಾಕ್ಷಿ ನೋಡ್ತೀನಿ,” ಅಂದ್ರು ಸುಬ್ಬಕೃಷ್ಣ ಪ್ರೊಫೆಸರ್ರು. “ಇಬ್ರೂ ನಾನು ಹೇಳಿದ ನಂಬರ್ ತೆಗೀರಿ. ಇನ್ನೂರ ಹನ್ನೆರಡು.”

ಎರಡು ಸ್ಕ್ರೀನೂ ತೆರೀತು. ಅದೇ ತಾರೀಖು, ಅದೇ ಗಂಟೆ, ಅದೇ ಸೆಕೆಂಡು, ಅದೇ ತಿದ್ದುಪಡಿ. ಒಂದ್ರಲ್ಲಿ ತಿದ್ದಿದೋರು ಮಾಲಿನಿ. ಇನ್ನೊಂದ್ರಲ್ಲಿ ಸಂತೋಷ್.

“ಮೂರು ಸಾವಿರದ ನಲವತ್ತು.”

ಅದೂ ಹಂಗೇ. ಅವ್ರು ಹದಿನಾಲ್ಕು ನಂಬರ್ ತೆಗ್ಸಿದ್ರು. ಅವಳಿಜವಳಿ ಮಕ್ಕಳ ಥರ ಎಲ್ಲಾ ಒಂದೇ. ಮಾಲಿನಿದು ನಾಲ್ಕು ಸಾವಿರದ ನೂರ ಮೂವತ್ತೊಂದಕ್ಕೆ ನಿಂತಿತ್ತು, ಸಂತೋಷಂದು ನಾಲ್ಕು ಸಾವಿರದ ನೂರ ಹದಿನಾರಕ್ಕೆ. ಅದೊಂದೇ ವ್ಯತ್ಯಾಸ.

“ಕೊನೇ ಹದಿನೈದು ಮೇಡಂ ಆಮೇಲೆ ಸೇರ್ಸಿರೋದು ಸಾರ್,” ಅಂದ ಸಂತೋಷ್. “ನಾನು ಕಾಲೇಜಲ್ಲಿದ್ದಾಗ್ಲೇ ಇದನ್ನ ಶುರು ಮಾಡಿದ್ದು. ಕೆಲ್ಸಕ್ಕೆ ಸೇರ್ದಾಗ ಇವ್ರ ಕೈಗೆ ಕೊಟ್ಟೆ, ಬಿಟ್ಟ ಮೇಲೂ ಕುಣಿಗಲಿಂದ ನಾನೇ ತಿದ್ದಿ ಕಳಿಸ್ತಿದ್ದೆ. ಇವ್ರು ಹೆಸ್ರು ತಿದ್ಕೊಂಡವ್ರೆ.”

“ಸುಳ್ಳು,” ಅಂದ್ರು ಮಾಲಿನಿ.

ಸಮಸ್ಯೆ ಅದೇ. ಮಾಡಿದ್ ಕೆಲ್ಸದ ನಂಬರ್ ಅಳ್ಸಕ್ಕಾಗಲ್ಲ. ಆದ್ರೆ ಕಂಪ್ಯೂಟರ್ ಯಾರ ಕೈಲೈತೋ ಅವ್ರು ಹಿಂಬಾಗ್ಲಿಂದ ಹೋಗಿ ನಂಬರ್ ಪಕ್ಕದ ಹೆಸ್ರು ಬದಲಾಯಿಸ್ಬೋದು. ಇಬ್ರಲ್ಲಿ ಒಬ್ರು ಬದಲಾಯ್ಸವ್ರೆ. ಯಾರು ಅಂತ ಹೇಳೋಕೆ ಆ ಹೆಸರುಗಳಿಗೆ ಬಾಯಿಲ್ಲ.

ಪ್ರೊಫೆಸರ್ರು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದ್ರು. ಈ ತಿದ್ದುಪಡಿ ಯಾಕೆ, ಆ ತಿದ್ದುಪಡಿ ಯಾಕೆ. ಮಾಲಿನಿ ಹೇಳಿದ್ರು. ಮೂರು ವರ್ಷ ಪಕ್ಕದಲ್ಲೇ ಕೂತಿದ್ದೋನು, ಸಂತೋಷ್ ಕೂಡ ಹೇಳ್ದ. ಒಂದೂವರೆ ಗಂಟೆ ಆದ್ಮೇಲೆ ಅವ್ರು ಕನ್ನಡಕ ತೆಗ್ದು ಕಣ್ಣುಜ್ಜಿದ್ರು.

“ನನಗೆ ಬೇರೆ ದಾರಿ ಕಾಣ್ತಿಲ್ಲಮ್ಮ. ಇಬ್ರಿಗೂ ಹಕ್ಕಿದೆ ಅಂತ ಬರೆದುಬಿಡ್ತೀನಿ. ಇಬ್ರೂ ಅವರವರ ಥರ ನಡೆಸ್ಕೊಳಿ.”

ಅಂದ್ರೆ ಸಂತೋಷ್ ಬೀಗ ಹಾಕಿ ಮಾರ್ಬೋದು. ಏಳು ವರ್ಷದ ಮೇಲೆ ಅವನ ಹೆಸ್ರೂ ಕೂರುತ್ತೆ. ಮಾಲಿನಿ ಬಾಯಲ್ಲಿ ಒಂದಕ್ಷರಾನೂ ಉಳಿದಿರ್ಲಿಲ್ಲ. ಟೇಬಲ್ ಅಂಚು ಹಿಡ್ಕೊಂಡಿದ್ರು.

ಈಗ ನೋಡಿ, ನಮ್ಮ ಹೀರೋ ಎದ್ದ. ನಿಧಾನಕ್ಕೆ. ಕೂದ್ಲು ಹಿಂದಕ್ಕೆ ತಳ್ಳಿದ. ಸಂತೋಷನ ಲ್ಯಾಪ್‌ಟಾಪ್ ಹತ್ರ ಹೋದ.

“ಸಾರ್, ಬರೆಯೋಕೆ ಮುಂಚೆ ಎರಡು ನಿಮಿಷ. ಸಂತೋಷಣ್ಣ, ನಿಮ್ ಪೇಜು ನಂಬರ್ ಸರಿಯಾಗಿ ಚೆಕ್ ಮಾಡುತ್ತಾ ನೋಡ್ಲಾ?”

“ಆಟ ಆಡೋಕೆ ಇದೇನ್ ನಿಮ್ಮಪ್ಪನ ಹೊಲಾನಾ?”

“ನೋಡ್ಲಿ ಬಿಡಪ್ಪ,” ಅಂದ್ರು ಪ್ರೊಫೆಸರ್ರು.

ಚನ್ನೇಶ್ ತೊಂಬತ್ತೊಂಬತ್ತು ಸಾವಿರ ಹಾಕ್ದ. ಲ್ಯಾಪ್‌ಟಾಪಿಂದ ದನಿ ಬಂತು: “ತಪ್ಪು ಸಂಖ್ಯೆ. ಒಂದರಿಂದ ನಾಲ್ಕು ಸಾವಿರದ ನೂರ ಹದಿನಾರರವರೆಗೆ ಮಾತ್ರ.”

“ಅಯ್ಯೋ, ನನ್ ಡೈಲಾಗ್ ಎಲ್ಲಾ ಕಟ್! ಸೆನ್ಸಾರ್ ಬೋರ್ಡಲ್ಲಿ ಯಾವಾಗ ಸೇರ್ಕೊಂಡ್ರಿ ಅಣ್ಣಾ?”

ಮೈನಸ್ ಐದು ಹಾಕ್ದ. “ತಪ್ಪು ಸಂಖ್ಯೆ. ಒಂದರಿಂದ ನಾಲ್ಕು ಸಾವಿರದ ನೂರ ಹದಿನಾರರವರೆಗೆ ಮಾತ್ರ.” ಬೋಂಡ ಅಂತ ಟೈಪ್ ಮಾಡ್ದ. ಅದಕ್ಕೂ ಅದೇ ಮಾತು.

ಮೂಲೆ ಕುರ್ಚೀಲಿ ಕೂತಿದ್ದ ಸರ್ವಮಂಗಳಮ್ಮ ತಲೆ ಎತ್ತಿದ್ರು. “ಚನ್ನೇಶ, ಅದು ಒಂದರಿಂದ ಒಂದರಿಂದ ಅಂತೈತಲ್ಲ. ಒಂದಕ್ಕೂ ಮುಂಚೆ ಏನೈತೆ?”

“ಅದಕ್ಕೂ ಮುಂಚೆ ಏನಿಲ್ಲಮ್ಮ.”

“ಇಲ್ಲ ಅಂತ ಹೆಂಗಂತೀಯಾ? ಹಾಡು ಮೊದಲನೇ ಸಾಲಿಂದ ಶುರುವಾಗಲ್ಲ ಕಣಪ್ಪ. ಅದಕ್ಕೂ ಮುಂಚೆ ಶ್ರುತಿ ಹಿಡೀಬೇಕು. ಶ್ರುತೀಲಿ ಹಾಡಿರಲ್ಲ, ಪದ ಇರಲ್ಲ, ತಾಳ ಇರಲ್ಲ. ಆದ್ರೆ ಆ ಹಾಡು ಯಾರ ಮನೇಲಿ ಹುಟ್ತು ಅಂತ ಅಲ್ಲೇ ಗೊತ್ತಾಗೋದು. ಅದನ್ನ ಕೇಳ್ಸು.”

ಚನ್ನೇಶ್ ಕೀಬೋರ್ಡಿಂದ ಕೈ ತೆಗ್ದ. ಯಾಕಂದ್ರೆ ಸೊನ್ನೆ ಇತ್ತು.

ನಂಬರ್ ಹೊಡೆಯೋ ಕಂಪ್ಯೂಟರು ಹುಟ್ಟಿದ ತಕ್ಷಣ, ಯಾರೂ ಏನೂ ಒಪ್ಪಿಸೋಕೆ ಮುಂಚೆ, ತಾನಾಗೇ ಒಂದು ಸೊನ್ನೆ ನಂಬರ್ ಮಾಡ್ಕೊಳುತ್ತೆ. ಅದ್ರಲ್ಲಿ ಒಂದು ಫೈಲಿರಲ್ಲ, ಒಂದು ಅಕ್ಷರ ಇರಲ್ಲ, ಬರೀ ಬಯಲು. ಯಾರೂ ಅದನ್ನ ತೆಗ್ದು ನೋಡಲ್ಲ. ಚನ್ನೇಶ್ ಮೊದ್ಲು ಪೇಜ್ ಮಾಡ್ದಾಗ ‘ಸೊನ್ನೆಯಿಂದ’ ಅಂತಾನೇ ಹಾಕಿದ್ದ. ಅವತ್ತು ಆಯುಧಪೂಜೆ. ಬಿಲ್ಡಿಂಗ್ ಓನರ್ ಅಂಬುಜಮ್ಮ ಕಂಪ್ಯೂಟರಿಗೆ ಕುಂಕುಮ ಇಡೋಕೆ ಬಂದೋರು ಸ್ಕ್ರೀನ್ ನೋಡಿ ಬೆಚ್ಚಿಬಿದ್ರು. “ಮುಯ್ಯಿ ಕವರಿಗೂ ಒಂದು ರೂಪಾಯಿ ಅಂಟ್ಸಿ ನೂರೊಂದು ಕೊಡೋ ಜನ ನಾವು. ಹಬ್ಬದ ದಿನ ಸೊನ್ನೆಯಿಂದ ಶುರು ಮಾಡ್ತಾರೇನೋ ಹಾಳಾದೋನೇ? ಒಂದು ಅಂತ ಇಡೋ!” ಚನ್ನೇಶ್ ಅಲ್ಲೇ ತಿದ್ದಿ, ಸೊನ್ನೆ ಹಾಕಿದ್ರೆ ತಪ್ಪು ಅನ್ನಂಗೆ ಮಾಡಿ, ಎರಡು ಬಾಳೆಹಣ್ಣು ಜಾಸ್ತಿ ಇಸ್ಕೊಂಡಿದ್ದ. ಸಂತೋಷ್ ಪೇಜಲ್ಲೂ ಅದೇ ಬೀಗ ಇತ್ತು.

“ಸಾರ್,” ಅಂದ, “ಸೊನ್ನೆ ನಂಬರ್ ತೆಗೀಬೋದಾ? ಪೇಜಲ್ಲಿ ಬರಲ್ಲ. ನೇರವಾಗಿ ಕೇಳ್ಬೇಕು.”

ಪ್ರೊಫೆಸರ್ರು ಕನ್ನಡಕ ವಾಪಸ್ ಹಾಕ್ಕೊಂಡ್ರು. “ಮೊದ್ಲು ಇವ್ರದ್ದು.”

ಮಾಲಿನಿ ಲ್ಯಾಪ್‌ಟಾಪಲ್ಲಿ ಚನ್ನೇಶ್ ಕಮಾಂಡ್ ಟೈಪ್ ಮಾಡೋ ಕಪ್ಪು ಕಿಟಕಿ ತೆಗ್ದು, ಸೊನ್ನೆಯಲ್ಲಿ ಏನೈತೋ ಎಲ್ಲಾ ಹೇಳು ಅಂತ ಅಜ್ಜೀನ ಕೇಳ್ದ. ಅಜ್ಜಿ ಒಂಚೂರು ನರಳಿದ್ಲು. ದನಿ ಓದ್ತು. ತಿದ್ದಿದೋರ ಹೆಸ್ರಿಲ್ಲ. ಕಾರಣ ಇಲ್ಲ. ಬರೀ ಒಂದು ತಾರೀಖು: ಎರಡು ಸಾವಿರದ ಹದಿನೆಂಟು, ಅಕ್ಟೋಬರ್ ಹದಿನೆಂಟು, ಬೆಳಿಗ್ಗೆ ಹನ್ನೊಂದು ನಲವತ್ತೆರಡು.

“ಅವತ್ತೂ ಆಯುಧಪೂಜೆ,” ಅಂದ್ರು ಮಾಲಿನಿ. ಆಗ್ಲಿಂದ ಮುಚ್ಚಿದ್ದ ಬಾಯಿ ತೆರೀತು. “ಅಜ್ಜಿಗೆ ಹೂವಿಟ್ಟು ಆನ್ ಮಾಡಿದ್ದೆ. ಏನ್ ಮಾಡ್ಬೇಕು ಅಂತಾನೂ ಗೊತ್ತಿರ್ಲಿಲ್ಲ. ಸುಮ್ನೆ ಶುರು ಮಾಡಿ ಕೂತಿದ್ದೆ.”

ಏನೂ ಇಲ್ಲದ ಕಡೆ ಒಂದು ಬೆಳಿಗ್ಗೆ ಮಾತ್ರ ಉಳ್ಕೊಂಡಿತ್ತು. ಏಳು ವರ್ಷ, ನಾಲ್ಕು ಸಾವಿರ ತಿದ್ದುಪಡಿ, ಸರ್ವಮಂಗಳಮ್ಮನ ಮುನ್ನೂರು ಪುಟ, ಎಲ್ಲಾ ಆ ಒಂದು ನಿಮಿಷದ ಹೊಟ್ಟೇಲಿ ಮಲಗಿತ್ತು. ಸರ್ವಮಂಗಳಮ್ಮ ಕೈ ಜೋಡಿಸಿದ್ರು.

“ಈಗ ಅವ್ರದ್ದು.”

ಸಂತೋಷ್ ನಕ್ಕೊಂಡು ಲ್ಯಾಪ್‌ಟಾಪ್ ಈ ಕಡೆ ತಿರುಗ್ಸಿದ. ಸೊನ್ನೆಯಲ್ಲಿ ಏನಿರುತ್ತೆ ಅಂತ ಅವ್ನೂ ಯಾವತ್ತೂ ನೋಡಿರ್ಲಿಲ್ಲ. ಚನ್ನೇಶ್ ಕಿರುಬೆರಳಲ್ಲಿ ಸೊನ್ನೆ ಒತ್ತಿದ. ದನಿ ಓದ್ತು: ಎರಡು ಸಾವಿರದ ಹದಿನೆಂಟು, ಅಕ್ಟೋಬರ್ ಹದಿನೆಂಟು, ಹನ್ನೊಂದು ನಲವತ್ತೆರಡು.

“ನೋಡಿ ಸಾರ್, ನಂದೂ ಅದೇ ಟೈಮು!” ಅಂದ ಸಂತೋಷ್.

ಆದ್ರೆ ದನಿ ನಿಂತಿರ್ಲಿಲ್ಲ. ಅಲ್ಲಿ ಇನ್ನೂ ಮೂರು ಸಾಲಿತ್ತು. ಇಂಗ್ಲಿಷಲ್ಲಿದ್ದಿದ್ದನ್ನ ತಡವರಿಸ್ತಾ ಓದ್ತು. “ಸಿಂಕ್. ಫ್ರಮ್. ಎಸ್ ವಿ ಎನ್. ಅಜ್ಜಿ. ದನಿ.”

ಪ್ರೊಫೆಸರ್ರು ಕುರ್ಚಿಯಿಂದ ಎದ್ರು. “ಇನ್ನೊಂದ್ಸಲ ಓದ್ಸು.”

“ಅಜ್ಜಿ. ದನಿ,” ಅಂತು ಲ್ಯಾಪ್‌ಟಾಪು.

ಎಲ್ರೂ ಒಟ್ಟಿಗೆ ನೆಲ ನೋಡಿದ್ರು. ಟವೆಲ್ ಸುತ್ಕೊಂಡು, ಕುಂಕುಮದ ಕಲೆ ಇಟ್ಕೊಂಡು, ಅಜ್ಜಿ ತನ್ನ ಪಾಡಿಗೆ ತಾನು ನರಳ್ತಾ ಕೂತಿದ್ಲು.

“ಎಸ್ ವಿ ಎನ್ ಅಂದ್ರೆ ಈ ನಂಬರ್ ಹೊಡೆಯೋ ಸಾಫ್ಟ್‌ವೇರು. ಅದ್ರಲ್ಲಿ ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ಎಲ್ಲಾ ನಂಬರನ್ನೂ ಇದ್ದಂಗೇ ಕಾಪಿ ಮಾಡೋ ಒಂದು ವಿಧಾನ ಇದೆ,” ಅಂದ್ರು ಪ್ರೊಫೆಸರ್ರು ಮೆಲ್ಲಗೆ, ಕ್ಲಾಸಲ್ಲಿ ಹೇಳೋ ಥರ. “ಎಲ್ಲಿಂದ ಕಾಪಿ ಮಾಡಿದೆ ಅನ್ನೋದನ್ನ ಅದು ಮರೀಬಾರ್ದಲ್ಲ. ಬೇರೆಲ್ಲೂ ಜಾಗ ಇಲ್ಲ, ಎಲ್ಲಾ ನಂಬರೂ ತುಂಬಿರುತ್ತೆ. ಅದಕ್ಕೆ ಖಾಲಿ ಇರೋ ಸೊನ್ನೆಯೊಳಗೆ ಬರೆದಿಟ್ಕೊಳುತ್ತೆ. ಕೊನೇ ಸಾಲು ಓದಿ. ಕಾಪಿ ಆದ ಕೊನೇ ನಂಬರು: ನಾಲ್ಕು ಸಾವಿರದ ನೂರ ಹದಿನಾರು.” ಅವ್ರು ತಲೆ ಅಲ್ಲಾಡಿಸಿದ್ರು. “ಮೂವತ್ತೊಂದು ವರ್ಷ ಪಾಠ ಮಾಡಿದೀನಿ. ನಾನೂ ಸೊನ್ನೆ ತೆಗ್ದು ನೋಡಿರ್ಲಿಲ್ಲ.”

ಸಂತೋಷ್ ನಾಲ್ಕು ಸಾವಿರದ ನೂರ ಹದಿನಾರು ಕಡೆ ತನ್ನ ಹೆಸ್ರು ಹಾಕಿದ್ದ. ಏನೂ ಇಲ್ಲದ ಕಡೆ ಹಾಕೋದನ್ನ ಮರ್ತಿದ್ದ.

ಪ್ರೊಫೆಸರ್ರು ಅಲ್ಲೇ ಬರ್ದು ಸೈನ್ ಹಾಕಿದ್ರು. ದನಿ ಮಾಲಿನಿಯವ್ರದ್ದು, ಪೂರ್ತಿ. ಸರ್ವಮಂಗಳಮ್ಮ ಆ ಕಾಗದ ಇಸ್ಕೊಂಡು ಮೂಸಿ ನೋಡಿ ಮಡಿಲಲ್ಲಿಟ್ಕೊಂಡ್ರು.

ಮಾಲಿನಿ ಮಾತ್ರ ಸಂತೋಷನ ಮುಂದೆ ಹೋಗಿ ನಿಂತ್ರು. “ನೀನು ಬಿಟ್ಟು ಹೋದ್ ದಿನಾನೇ ನಿನ್ ಪಾಸ್‌ವರ್ಡ್ ತೆಗ್ದು ಹಾಕಿದ್ದೆ. ಅಜ್ಜಿ ಹತ್ರ ಹೆಂಗ್ ಬಂದೆ?”

ಸಂತೋಷ್ ಚನ್ನೇಶನ ಕಡೆ ನೋಡ್ದ. ಒಂದು ಕ್ಷಣ. “ಬಿಡಿ ಮೇಡಂ,” ಅಂದು ಲ್ಯಾಪ್‌ಟಾಪ್ ಮಡಚ್ಕೊಂಡು ಹೊರಟ.

ನಮ್ಮ ಹೀರೋ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಕೆರೆ ಕಡೆ ನೋಡ್ತಾ ನಿಂತ. ಗಾಳೀಗೆ ಕೂದ್ಲು ಹಾರ್ತಿತ್ತು. ಇಲ್ಲಿಗೆ ಶುಭಂ ಅಂತ ಹಾಕಿ, ಲೈಟ್ ಹಾಕಿ, ನಿಮ್ಮನ್ನೆಲ್ಲ ಮನೆಗೆ ಕಳಿಸ್ಬೋದಿತ್ತು.

ಆದ್ರೆ ಸರ್ವಮಂಗಳಮ್ಮನ ಮುಂದೆ ಸುಳ್ಳು ಹೇಳಿ ದಕ್ಕಿಸ್ಕೊಳೋಕೆ ಆಗಲ್ಲ. ಅದಕ್ಕೆ ನಿಮ್ಗೂ ಹೇಳ್ಬಿಡ್ತೀನಿ.

ಚನ್ನೇಶನ ತಲೇಲಿ ಯಾವ ಪ್ಲಾನೂ ಇರ್ಲಿಲ್ಲ. ಅವನು ಎದ್ದಿದ್ದು ಸಂತೋಷನ್ನ ಗೋಳು ಹೊಯ್ಕೊಳೋಕೆ, ಸೋತು ಹೋಗೋ ಮುಂಚೆ ಒಂದೆರಡು ಡೈಲಾಗ್ ಹೊಡೆಯೋಕೆ. ಬೋಂಡ ಆದ್ಮೇಲೆ ನಾನೂರಿಪ್ಪತ್ತು ಹಾಕಿ ನಗೋಣ ಅಂತಿದ್ದ, ಅಷ್ಟೇ. ಸೊನ್ನೆ ಕೇಳಿದ್ದು ಸರ್ವಮಂಗಳಮ್ಮ. ಬೆರಳು ಅವನದು. ಸೊನ್ನೆಗೆ ಬೀಗ ಹಾಕಿದ್ದೂ ಅವನೇ.

ಇನ್ನೊಂದು ಬೀಗ ತೆಗ್ದು ಕೊಟ್ಟಿದ್ದೂ ಅವನೇ. ಸಂತೋಷ್ ಬಿಟ್ಟು ಹೋದ ಮೇಲೆ ಒಂದಿನ ಫೋನ್ ಮಾಡಿ, “ಏನ್ಲಾ, ಭಾರೀ ಡೈಲಾಗ್ ಬರ್ದಿದೀಯಂತೆ ಪೇಜಲ್ಲಿ?” ಅಂದಿದ್ದ. ಅಷ್ಟು ಹೊಗಳಿಕೆ ಸಾಕಾಯ್ತು. “ನೋಡಿ ನಕ್ಬಿಟ್ಟು ಹೊರಗ್ ಬಂದ್ಬಿಡಿ ಅಣ್ಣ” ಅಂತ ತನ್ನ ಪಾಸ್‌ವರ್ಡ್ ಕೊಟ್ಟ. ಆಮೇಲೆ ಬದಲಾಯಿಸೋದು ಮರ್ತೇ ಹೋಯ್ತು. ಸಂತೋಷ್ ಹೊರಗ್ ಬರ್ಲೇ ಇಲ್ಲ. ವಾರವಾರ ಹೊಸ ನಂಬರ್ ಬಂದಷ್ಟೂ ಕಾಪಿ ಮಾಡ್ಕೊಂಡ. ಕುಣಿಗಲಲ್ಲಿ ಅವನು ತನ್ನ ಕಡೆ ನೋಡ್ದಾಗ ಚನ್ನೇಶನಿಗೆ ಎಲ್ಲಾ ಅರ್ಥ ಆಯ್ತು. ಕೂಲಿಂಗ್ ಗ್ಲಾಸ್ ಹಾಕ್ಕೊಂಡಿದ್ದು ಸ್ಟೈಲಿಗಲ್ಲ.

ವಾಪಸ್ ಬರೋವಾಗ ಕಾರಲ್ಲಿ ಸರ್ವಮಂಗಳಮ್ಮ ಅಜ್ಜಿ ಮೇಲೆ ಕೈಯಿಟ್ಕೊಂಡು ಹಿಂದೆ ಕೂತಿದ್ರು. ಗೂಳೂರು ಹತ್ರ ಬಂದಾಗ ಅಂದ್ರು, “ಚನ್ನೇಶ, ಕುಣಿಗಲಿಂದ ನಿನ್ ಕಾಲು ಅಲ್ಲಾಡ್ತಾನೇ ಐತೆ. ಏನೈತೋ ಉಗುಳ್ಬಿಡು.”

ಉಗುಳ್ದ. ಎಲ್ಲಾ.

ಮಾಲಿನಿ ಕಾರು ಪಕ್ಕಕ್ಕೆ ಹಾಕಿದ್ರು.

“ಪಾಸ್‌ವರ್ಡ್ ಏನಿತ್ತು?”

“ಚನ್ನೇಶ್ ಹೀರೋ. ಒಂದು ಎರಡು ಮೂರು.”

ಹಿಂದಿನ ಸೀಟಲ್ಲಿ ಸರ್ವಮಂಗಳಮ್ಮ ಸೆರಗು ಬಾಯಿಗಿಟ್ಕೊಂಡು ನಕ್ರು. ಮಾಲಿನಿ ನಗ್ಲಿಲ್ಲ. ಕಾರ್ ಸ್ಟಾರ್ಟ್ ಮಾಡಿದ್ರು.

ಇದಾಗಿ ಹನ್ನೊಂದು ದಿನ ಆಯ್ತು. ನಲವತ್ತು ಲೈಬ್ರರೀಲೂ ದನಿ ಓದೋಕೆ ಶುರು ಮಾಡೈತೆ. ಅಕ್ಕ ಇನ್ನೂ ಚನ್ನೇಶನ ಹತ್ರ ಮಾತಾಡಿಲ್ಲ. ಬೆಳಿಗ್ಗೆ ಬಂದು ಕೆಲ್ಸ ಒಂದು ಚೀಟೀಲಿ ಬರ್ದು ಟೇಬಲ್ ಮೇಲಿಡ್ತಾರೆ, ಅವನು ಮಾಡ್ತಾನೆ. ನಂಗೆ ಇಷ್ಟೆಲ್ಲ ಹೆಂಗೆ ಗೊತ್ತು ಅಂತ ಮಾತ್ರ ಕೇಳ್ಬೇಡಿ. ನಡ್ದಿದ್ದು ಇದೇ.